ದಿನವೂ ಸತ್ಯವೇದ ಓದಲು ಯಾವ ದಾರಿ ಹಿಡಿಯಬೇಕು?

ಮದುವೆಯಾಗಿ ಬೆಂಗಳೂರಿಗೆ ಬಂದ ಎರಡನೇ ವರ್ಷದ ಮಾತು. ಆ ಜನವರಿಯಲ್ಲಿ ನಾನು ವರ್ಷದೊಳಗೆ ಇಡೀ ಬೈಬಲ್ ಮುಗಿಸುವ ಪಟ್ಟಿ ಹಿಡಿದಿದ್ದೆ. ತಿಂಗಳು ಮುಗಿಯುತ್ತ ಬಂದಿತ್ತು, ಒಂದು ದಿನವೂ ಬಿಟ್ಟಿರಲಿಲ್ಲ. ಬೆಟಗೇರಿಯಿಂದ ಅವ್ವ ಫೋನ್ ಮಾಡಿದಾಗ ಖುಷಿಯಿಂದ ಹೇಳಿಕೊಂಡೆ. ಇವತ್ತು ನಾಲ್ಕು ಅಧ್ಯಾಯ ಆಯ್ತವ್ವ ಅಂದೆ.

"ಆ ನಾಕು ಅಧ್ಯಾಯದಾಗ ಏನಿತ್ತು?" ಅಂತ ಕೇಳಿದಳು.

ನೆನಪಾಗಲಿಲ್ಲ. ಓದಿ ಒಂದು ಗಂಟೆಯೂ ಆಗಿರಲಿಲ್ಲ. ಕಾಣಿಕೆ, ಕುರಿ, ಹೋತ, ಯಾಜಕರು ಅಂತ ಏನೋ ಹೇಳಿದೆ. ಅವ್ವ ಬೈಯಲಿಲ್ಲ. "ಹಂಗಾದ್ರ ಒಂದ ಓದವಾ, ಖರೇನ ಓದು" ಅಂದಳು.

ಅದಾಗಿ ಹದಿನೈದು ವರ್ಷ ಕಳೆದಿದೆ. ಈ ಹದಿನೈದು ವರ್ಷದಲ್ಲಿ ನಾನು ಬೇರೆಬೇರೆ ರೀತಿಯಲ್ಲಿ ಓದಿದ್ದೇನೆ. ಕೆಲವು ತಿಂಗಳುಗಟ್ಟಲೆ ನಡೆದವು, ಕೆಲವು ಎರಡು ವಾರಕ್ಕೇ ನಿಂತವು. ನಮ್ಮ ಸಭೆಯ ಹೆಣ್ಣುಮಕ್ಕಳ ಕೂಟದಲ್ಲಿ ಪ್ರತಿ ಹೊಸ ವರ್ಷವೂ ಇದೇ ಪ್ರಶ್ನೆ ಬರುತ್ತದೆ. ದಿನವೂ ಓದಬೇಕು ಅನ್ನುವ ಮನಸ್ಸಿದೆ, ಎಲ್ಲಿಂದ ಶುರು ಮಾಡಬೇಕು, ಹೇಗೆ ಓದಬೇಕು? ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅಳತೆಗೋಲು ಯಾವುದು ಅಂತ ಹೇಳಿಬಿಡುತ್ತೇನೆ. ಬೈಬಲ್‌ನ 2 ಪೂರ್ವಕಾಲವೃತ್ತಾಂತ ಅನ್ನುವ ಪುಸ್ತಕದ 25ನೇ ಅಧ್ಯಾಯದ ಆರಂಭದಲ್ಲಿ ಅಮಚ್ಯ ಅನ್ನುವ ಅರಸನ ಮಾತು ಬರುತ್ತದೆ. ಅವನು ಕರ್ತನ ದೃಷ್ಟಿಯಲ್ಲಿ ಸರಿಯಾದದ್ದನ್ನೇ ಮಾಡಿದ, ಆದರೆ ಪೂರ್ಣ ಹೃದಯದಿಂದ ಮಾಡಲಿಲ್ಲ ಅಂತ ಅಲ್ಲಿದೆ. ಈ ಒಂದು ಸಾಲು ನನ್ನನ್ನು ತುಂಬಾ ಕಾಡಿದೆ. ಮಾಡಿದ ಕೆಲಸ ಸರಿಯೇ ಇತ್ತು, ಮನಸ್ಸು ಮಾತ್ರ ಅದರಲ್ಲಿ ಇರಲಿಲ್ಲ. ಪಟ್ಟಿಗೆ ಟಿಕ್ ಹಾಕುತ್ತಿದ್ದ ನನ್ನ ಕಥೆಯೂ ಅದೇ ಅಲ್ವಾ?

ಹಾಗಂತ ಮನಸ್ಸು ಪೂರ್ತಿ ತುಂಬಿ ಬರುವ ತನಕ ಓದುವುದಿಲ್ಲ ಅಂತ ಕೂತರೂ ಆಗುವುದಿಲ್ಲ. ಹಾಗೆ ಕೂತು ಒಂದು ಇಡೀ ವರ್ಷ ಕಳೆದುಕೊಂಡಿದ್ದೇನೆ. ಪೂರ್ಣ ಮನಸ್ಸು ಅಂದರೆ ಉಕ್ಕಿ ಬರುವ ಭಾವನೆ ಅಂತ ಆಗ ತಿಳಿದಿದ್ದೆ. ಬೈಬಲ್‌ನಲ್ಲಿ ಪೂರ್ಣ ಮನಸ್ಸಿನವನು ಅಂತ ಹೆಸರು ಪಡೆದವನು ಕಾಲೇಬ. ನಲವತ್ತನೇ ವಯಸ್ಸಿನಲ್ಲಿ ಕಾನಾನ್ ದೇಶವನ್ನು ನೋಡಿಬಂದವನು, ತನ್ನ ಪಾಲನ್ನು ಕೇಳಿದ್ದು ಎಂಬತ್ತೈದನೇ ವಯಸ್ಸಿನಲ್ಲಿ. ನಡುವಿನ 45 ವರ್ಷದಲ್ಲಿ ಎಷ್ಟು ದಿನ ಬರೀ ಮರಳಿನಲ್ಲಿ ನಡೆದಿರಬೇಕು! ಆ ದಿನಗಳೂ ಲೆಕ್ಕಕ್ಕೆ ಬಂದವು.

ಹಾಗಾಗಿ ಈಗ ಯಾವುದೇ ರೀತಿಯ ಓದನ್ನು ನೋಡುವಾಗ ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ಇದು ನನ್ನನ್ನು ನಾಳೆಯೂ ಪುಸ್ತಕದ ಹತ್ತಿರ ಕರೆತರುತ್ತದಾ? ಎರಡು, ನಾನಾಗಿ ಆರಿಸಿಕೊಳ್ಳದ ವಚನ ನನ್ನ ಎದುರು ಬಂದು ನಿಲ್ಲಲು ಇದರಲ್ಲಿ ಜಾಗ ಇದೆಯಾ? ಎರಡನೆಯದು ನನಗೆ ಹೆಚ್ಚು ಮುಖ್ಯ. ನನಗೆ ಬೇಕಾದ್ದನ್ನು ಮಾತ್ರ ಓದಿದರೆ ನನ್ನ ದನಿಯನ್ನೇ ನಾನು ಕೇಳಿದ ಹಾಗೆ.

ಮೊದಲ ಪುಟದಿಂದ ಕೊನೆಯ ಪುಟಕ್ಕೆ

ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66 ಪುಸ್ತಕ, 1,189 ಅಧ್ಯಾಯ. ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ದಿನಕ್ಕೆ ಮೂರು ಅಧ್ಯಾಯಕ್ಕಿಂತ ತುಸು ಜಾಸ್ತಿ ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಕೇಳಲು ಸುಲಭ.

ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಲೆಕ್ಕ ಹಾಕಬಹುದು. ಜನವರಿ 1ಕ್ಕೆ ಶುರು ಮಾಡಿದರೆ ಆದಿಕಾಂಡದ 50 ಅಧ್ಯಾಯ ತಿಂಗಳ ಮಧ್ಯಕ್ಕೆ ಮುಗಿಯುತ್ತವೆ. ಯೋಸೇಫನ ಕಥೆ ಓದುವಾಗ ಕಣ್ಣೊದ್ದೆಯಾಗುತ್ತದೆ. ಆಮೇಲೆ ವಿಮೋಚನಕಾಂಡ. ಕೆಂಪು ಸಮುದ್ರ ದಾಟುವ ತನಕ ಓಟ. 25ನೇ ಅಧ್ಯಾಯದಿಂದ ದೇವದರ್ಶನದ ಗುಡಾರದ ಅಳತೆಗಳು ಶುರುವಾಗುತ್ತವೆ. ಕಂಬ, ಪರದೆ, ಕೊಂಡಿ, ಮೊಳದ ಲೆಕ್ಕ. ಜನವರಿ 28ರ ಹೊತ್ತಿಗೆ, ಬಲಿ ಕಾಣಿಕೆಗಳ ನಿಯಮಗಳೇ ತುಂಬಿರುವ ಯಾಜಕಕಾಂಡದ ಬಾಗಿಲಲ್ಲಿ ಇರುತ್ತೀರಿ. ಅವ್ವ ನನಗೆ ಫೋನ್ ಮಾಡಿದ್ದು ಸರಿಯಾಗಿ ಆ ಹೊತ್ತಿಗೇ. ನಮ್ಮ ಕೂಟದಲ್ಲಿ ಬಿಟ್ಟವರನ್ನು ಕೇಳಿದರೆ ಮುಕ್ಕಾಲು ಪಾಲು ಜನ ಅಲ್ಲೇ ಬಿಟ್ಟಿರುತ್ತಾರೆ.

ಆದರೂ ಈ ದಾರಿಯ ಬಗ್ಗೆ ನನಗೆ ದೊಡ್ಡ ಗೌರವ ಇದೆ. ಯಾರೂ ಪ್ರಸಂಗ ಮಾಡದ ಪುಟಗಳು ಇಲ್ಲಿ ಮಾತ್ರ ಸಿಗುತ್ತವೆ. ಅರಣ್ಯಕಾಂಡ 26ರಲ್ಲಿ ಉದ್ದಕ್ಕೂ ಜನಗಣತಿ. ಕುಲ, ಗೋತ್ರ, ಸಂಖ್ಯೆ. ಬೇಸರದಿಂದ ಪುಟ ತಿರುಗಿಸಿದರೆ 27ರಲ್ಲಿ ಐದು ಜನ ಅಕ್ಕತಂಗಿಯರು ಮೋಶೆಯ ಮುಂದೆ ಬಂದು ನಿಲ್ಲುತ್ತಾರೆ. ಚಲ್ಪಹಾದನ ಮಕ್ಕಳು. ನಮ್ಮಪ್ಪನಿಗೆ ಗಂಡುಮಕ್ಕಳಿಲ್ಲ, ಅವನ ಹೆಸರು ಅಳಿದುಹೋಗಬೇಕಾ, ನಮಗೂ ಪಾಲು ಕೊಡಿ ಅಂತ ಕೇಳುತ್ತಾರೆ. ಮೋಶೆ ತಾನೇ ತೀರ್ಪು ಕೊಡದೆ ದೇವರ ಹತ್ತಿರ ಹೋಗುತ್ತಾನೆ. ಅವರು ಹೇಳುವುದು ನ್ಯಾಯ ಅಂತ ದೇವರ ಉತ್ತರ ಬರುತ್ತದೆ. ಮೂವತ್ತು ವರ್ಷ ಚರ್ಚಿಗೆ ಹೋಗಿದ್ದ ನಾನು ಇದನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಜನಗಣತಿ ದಾಟಿ ಹೋದದ್ದಕ್ಕೆ ಸಿಕ್ಕಿತು.

ಹಾಗಾಗಿ ನನ್ನ ಸಲಹೆ: ದಾರಿ ಇದೇ ಇರಲಿ, ಅವಸರ ಬಿಡಿ. ದಿನಕ್ಕೆ ಎರಡೇ ಅಧ್ಯಾಯ ಓದಿದರೂ 20 ತಿಂಗಳಲ್ಲಿ ಮುಗಿಯುತ್ತದೆ. ವರ್ಷದೊಳಗೆ ಮುಗಿಸಬೇಕು ಅಂತ ಯಾವ ವಚನದಲ್ಲೂ ಇಲ್ಲ. ಈಗಷ್ಟೇ ನಂಬಿಕೆಗೆ ಬಂದವರಿಗೆ ಮಾತ್ರ ಈ ದಾರಿಯಲ್ಲಿ ಶುರು ಮಾಡಿ ಅನ್ನುವುದಿಲ್ಲ. ಯೇಸುವಿನ ಕಥೆ ಬರುವುದು ಹೊಸ ಒಡಂಬಡಿಕೆಯಲ್ಲಿ. ಆತನನ್ನು ಮುಖಾಮುಖಿ ನೋಡಲು, ವರ್ಷದಲ್ಲಿ ಮುಗಿಸುವ ವೇಗದಲ್ಲೂ ಅವರು ಒಂಬತ್ತು ತಿಂಗಳು ಕಾಯಬೇಕಾಗುತ್ತದೆ.

ನಾಲ್ಕು ಕಡೆಯಿಂದ ಒಂದೊಂದು

ರಾಬರ್ಟ್ ಮರ್ರೆ ಮಕ್‌ಚೇನ್ ಅಂತ ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಒಬ್ಬರು ಸಭಾಪಾಲಕರಿದ್ದರು. 1842ರ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ಒಂದು ಪಟ್ಟಿ ಮಾಡಿಕೊಟ್ಟರು. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡರು, ಆಗ ಅವರಿಗೆ ಬರೀ 29 ವರ್ಷ. ಆ ಪಟ್ಟಿಯನ್ನು ಈಗಲೂ ಲೋಕದ ಎಲ್ಲ ಕಡೆ ಓದುತ್ತಾರೆ. ದಿನಕ್ಕೆ ನಾಲ್ಕು ಅಧ್ಯಾಯ, ಬೈಬಲ್‌ನ ನಾಲ್ಕು ಬೇರೆ ಜಾಗದಿಂದ. ಎರಡು ಮನೆಯವರೆಲ್ಲ ಕೂತು ಓದಲು, ಎರಡು ಒಬ್ಬೊಬ್ಬರೇ ಓದಲು. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ ಆಗುತ್ತವೆ. ಜನವರಿ 1ಕ್ಕೆ ಆದಿಕಾಂಡ, ಎಜ್ರ, ಮತ್ತಾಯ, ಅಪೊಸ್ತಲರ ಕೃತ್ಯಗಳು, ನಾಲ್ಕರದ್ದೂ ಮೊದಲ ಅಧ್ಯಾಯ.

ಇದರ ಶಕ್ತಿ ಏನು ಅಂತ ನನಗೆ ತಿಳಿದದ್ದು ಒಂದು ಜನವರಿ 5ರ ಬೆಳಿಗ್ಗೆ.

ಅಪ್ಪ ತೀರಿಕೊಂಡ ಮೇಲೆ ಬೆಟಗೇರಿಯ ಮನೆಯ ವಿಷಯದಲ್ಲಿ ನನಗೂ ತಮ್ಮನಿಗೂ ಮಾತು ಬಂದಿತ್ತು. ಮೂರು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ. ಅವ್ವ ಅವನ ಮನೆಯಲ್ಲೇ ಇದ್ದಳು. ಫೋನ್ ಮಾಡಿದರೆ ಅವ್ವನ ಹತ್ತಿರ ಮಾತ್ರ ಮಾತು. ನಾನು ಆಗಲೂ ಉಪವಾಸ ಕೂಟಕ್ಕೆ ಹೋಗುತ್ತಿದ್ದೆ. ಕೂಟದಲ್ಲಿ ಎಲ್ಲರ ಮುಂದೆ ಪ್ರಾರ್ಥನೆಯನ್ನೂ ಮಾಡುತ್ತಿದ್ದೆ.

ಆ ದಿನದ ಪಟ್ಟಿಯಲ್ಲಿ ಮೊದಲು ಆದಿಕಾಂಡ 5. ಒಬ್ಬ ಹುಟ್ಟಿದ, ಇಷ್ಟು ವರ್ಷ ಬದುಕಿದ, ಸತ್ತನು. ಇನ್ನೊಬ್ಬ, ಸತ್ತನು. ಎಂಟು ಸಲ ಅದೇ ಮಾತು. ಸುಮ್ನೆ ಓದಿ ಮುಂದೆ ಹೋದೆ. ಎಜ್ರ 5 ಓದಿದೆ. ಮತ್ತಾಯ 5 ಬಂತು. ನೀನು ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಾಗ, ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ. ಎಷ್ಟೋ ಸಲ ಕೇಳಿದ ಮಾತು. ಆದರೆ ಅವತ್ತು ಒಂದು ಸಣ್ಣ ವಿಷಯ ಕಣ್ಣಿಗೆ ಬಿತ್ತು. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿ ಇಲ್ಲ. ಅವನಿಗೆ ನಿನ್ನ ಮೇಲೆ ಇದ್ದರೆ ಅಂತ ಇದೆ. ಮೂರು ವರ್ಷ ನಾನು ನನ್ನ ಸಿಟ್ಟನ್ನಷ್ಟೇ ಲೆಕ್ಕ ಹಾಕುತ್ತಿದ್ದೆ.

ನಾಲ್ಕನೆಯದು ಅಪೊಸ್ತಲರ ಕೃತ್ಯಗಳು 5. ಅನನೀಯ ಮತ್ತು ಸಪ್ಫೈರ. ಆಸ್ತಿ ಮಾರಿದ ಗಂಡಹೆಂಡತಿ, ಬಂದ ಹಣದಲ್ಲಿ ಸ್ವಲ್ಪ ಬಚ್ಚಿಟ್ಟು ಇಷ್ಟೇ ಅಂತ ಹೇಳಿದವರು.

ನನ್ನ ಕೈ ತಣ್ಣಗಾಯಿತು. ನಾವು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುವಾಗ ಅಪ್ಪ ನನಗೆ ಹಣ ಕೊಟ್ಟಿದ್ದರು. ಪಾಲಿನ ಮಾತು ಬಂದಾಗ ಅದನ್ನು ತಮ್ಮನಿಗೆ ನಾನು ಹೇಳಿರಲಿಲ್ಲ. ಅವನು ಕೇಳಿರಲೂ ಇಲ್ಲ. ಸಿಂಕ್‌ನಲ್ಲಿ ಪಾತ್ರೆ ಹಾಗೇ ಬಿಟ್ಟು ಮಹಡಿ ಮೇಲೆ ಹೋಗಿ ಫೋನ್ ಮಾಡಿದೆ. ಅವನು ಎತ್ತಿದ. "ಅಕ್ಕಾ?" ಅಂದ. ಅವ್ವನಿಗೆ ಏನೋ ಆಗಿದೆಯೇನೋ ಅಂತ ನಾನು ಹೆದರಿದ್ದೇನೆ ಅಂದುಕೊಂಡು, "ಅವ್ವ ಆರಾಮ ಅದಾಳ" ಅಂದ. ಹಣದ ವಿಷಯ ಹೇಳಿದೆ. ತುಂಬಾ ಹೊತ್ತು ಅವನು ಮಾತಾಡಲಿಲ್ಲ. ಎಲ್ಲ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಸರಿಹೋಗುವುದು ಶುರುವಾದದ್ದು ಆ ದಿನ.

ನಾನಾಗಿ ಓದಲು ಕೂತಿದ್ದರೆ ಆ ಬೆಳಿಗ್ಗೆ ಮತ್ತಾಯ 5ರ ಪಕ್ಕದಲ್ಲಿ ಅಪೊಸ್ತಲರ ಕೃತ್ಯಗಳು 5 ಇಟ್ಟು ಓದುತ್ತಿದ್ದೆನಾ? ಖಂಡಿತ ಇಲ್ಲ. ಒಂದು ಭಾಗ ಇನ್ನೊಂದರ ಜೊತೆ ಮಾತಾಡುವುದು ಈ ದಾರಿಯ ದೊಡ್ಡ ಲಾಭ. ಯಾಜಕಕಾಂಡ ಓದುವ ದಿನವೂ ಹೊಸ ಒಡಂಬಡಿಕೆಯ ಊಟ ತಪ್ಪುವುದಿಲ್ಲ.

ಕಷ್ಟವೂ ಇದೆ. ನಾಲ್ಕು ಅಧ್ಯಾಯಕ್ಕೆ ನನಗೆ ಅರ್ಧ ಗಂಟೆ ದಾಟುತ್ತದೆ. ನಾಲ್ಕು ಕಥೆಗಳನ್ನು ತಲೆಯಲ್ಲಿ ಬೇರೆಬೇರೆ ಇಟ್ಟುಕೊಳ್ಳಬೇಕು. ಪಟ್ಟಿ ಮಾಡಿದವರಿಗೇ ಇದರ ಅಪಾಯ ಗೊತ್ತಿತ್ತು. ಓದು ಬರೀ ಶಾಸ್ತ್ರಕ್ಕೆ ಆಗಬಹುದು, ಓದಿದೆ ಅನ್ನುವ ಹೆಮ್ಮೆ ಬರಬಹುದು, ಗಮನವಿಲ್ಲದೆ ಓದಬಹುದು, ಹೊರಲಾರದ ನೊಗ ಆಗಬಹುದು ಅಂತ ಮಕ್‌ಚೇನ್ ಆಗಲೇ ಎಚ್ಚರಿಸಿದ್ದರು. ಹೊರೆ ಅನ್ನಿಸಿದರೆ ಎರಡನ್ನು ಈ ವರ್ಷ, ಎರಡನ್ನು ಮುಂದಿನ ವರ್ಷ ಓದಿ. ನಾನು ಈಗ ಹಾಗೇ ಮಾಡುವುದು.

ಒಂದೇ ಪುಸ್ತಕ, ನಿಧಾನವಾಗಿ

ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ನಾಲ್ಕೇ ಅಧ್ಯಾಯ, 104 ವಚನ. ಕಾಲು ಗಂಟೆಯಲ್ಲಿ ಓದಿ ಮುಗಿಯುತ್ತದೆ. ಅದನ್ನೇ ಮೂವತ್ತು ದಿನ ದಿನವೂ ಓದಿ ನೋಡಿ. ಮೊದಲ ವಾರ ಬೇಸರ ಬರುತ್ತದೆ. ಎರಡನೇ ವಾರದಲ್ಲಿ, ಪತ್ರ ಬರೆದ ಪೌಲನು ಸಂತೋಷ, ಸಂತೋಷ ಅಂತ ಎಷ್ಟು ಸಲ ಹೇಳುತ್ತಾನೆ ಅಂತ ಕಾಣುತ್ತದೆ. ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ ಅನ್ನುವುದು ಆಮೇಲೆ ನಿಜವಾಗಿ ಎದೆಗೆ ತಾಗುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಅನ್ನುವ ಇಬ್ಬರು ಹೆಣ್ಣುಮಕ್ಕಳು ಒಂದೇ ಮನಸ್ಸಿನಿಂದಿರಲಿ ಅಂತ ಬೇಡಿಕೊಳ್ಳುತ್ತಾನೆ. ಎಲ್ಲ ಸಭೆಯಲ್ಲೂ ಅಂಥ ಇಬ್ಬರು ಇರುತ್ತಾರೆ.

ಹೊಸಬರಿಗೆ ನಾನು ಯಾವಾಗಲೂ ಮಾರ್ಕನ ಸುವಾರ್ತೆ ಹೇಳುತ್ತೇನೆ. 16 ಅಧ್ಯಾಯ, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಕಥೆ ಬೇಗ ಬೇಗ ಸಾಗುತ್ತದೆ. ಡಿಸೆಂಬರ್‌ನಲ್ಲಿ ಲೂಕನದ್ದು ಹಿಡಿಯಬಹುದು. 24 ಅಧ್ಯಾಯ ಇರುವುದರಿಂದ 1ನೇ ತಾರೀಕಿಗೆ ಶುರು ಮಾಡಿದರೆ ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತದೆ. ಜ್ಞಾನೋಕ್ತಿಗಳು 31 ಅಧ್ಯಾಯ, ಇವತ್ತು ಎಷ್ಟನೇ ತಾರೀಕೋ ಆ ಅಧ್ಯಾಯ. ಹರೆಯದ ಮಕ್ಕಳಿಗೆ ಇದು ಹಿಡಿಸುತ್ತದೆ.

ಇನ್ನೂ ನಿಧಾನವಾದ ಓದು ಒಂದಿದೆ. 12ನೇ ಶತಮಾನದಲ್ಲಿ ಗೀಗೋ ಅನ್ನುವ ಸಂನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಾಗಿ ಬರೆದಿಟ್ಟರು. ಓದು, ಮನನ, ಪ್ರಾರ್ಥನೆ, ಆಮೇಲೆ ದೇವರ ಮುಂದೆ ಸುಮ್ಮನೆ ಇರುವುದು. ಐದಾರು ವಚನ ಸಾಕು. ಯಾವ ಮಾತು ನಿಮ್ಮನ್ನು ತಡೆದು ನಿಲ್ಲಿಸುತ್ತದೋ ಅಲ್ಲೇ ನಿಲ್ಲಿ. ಮನೆಯಲ್ಲಿ ಸಣ್ಣ ಮಗು ಇದ್ದಾಗ ನನ್ನನ್ನು ಉಳಿಸಿದ್ದು ಇದು. ಹಾಲೂಡಿಸುವಾಗ ಒಂದು ಕೈಯಲ್ಲಿ ಪುಸ್ತಕ, ಒಂದು ವಚನ, ದಿನವಿಡೀ ಅದೇ.

ಇದರ ಕೊರತೆ ಏನೆಂದರೆ ಪುಸ್ತಕವನ್ನು ಆರಿಸುವವರು ನಾವೇ. ಹತ್ತು ವರ್ಷ ಕೀರ್ತನೆಗಳು ಮತ್ತು ಯೋಹಾನನ ಸುವಾರ್ತೆಯಲ್ಲೇ ಸುತ್ತುತ್ತಿರುವವರನ್ನು ನೋಡಿದ್ದೇನೆ. ಪ್ರವಾದಿ ಆಮೋಸನ ಪುಸ್ತಕದ ಹತ್ತಿರ ಹೋಗಲೇ ಇಲ್ಲ. ಬಡವರನ್ನು ತುಳಿಯುವವರಿಗೆ ಅವನು ಹೇಳುವ ಮಾತು ಕೇಳಲೇ ಇಲ್ಲ.

ವಾಗ್ದಾನದ ಚೀಟಿ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ಒಂದು ತಟ್ಟೆಯಲ್ಲಿ ಚೀಟಿಗಳನ್ನಿಟ್ಟು ತರುತ್ತಾರೆ. ಒಬ್ಬೊಬ್ಬರೂ ಒಂದು ತೆಗೆದುಕೊಳ್ಳಬೇಕು. ವರ್ಷದ ವಾಗ್ದಾನ. ಈಗ ಬೆಳಿಗ್ಗೆ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೂವಿನ ಚಿತ್ರದ ಮೇಲೆ ಒಂದು ವಚನವೂ ಬರುತ್ತದೆ. ಎಷ್ಟೋ ಜನರ ದಿನದ ಓದು ಅಷ್ಟೇ.

ನನಗೆ ಕೆಲಸ ಹೋದ ವರ್ಷ ಯೆರೆಮೀಯ 29:11 ಬಂದಿತ್ತು. ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ಒಳ್ಳೆಯ ಮುಂಗಾಲ ಕೊಡುತ್ತೇನೆ ಅನ್ನುವ ಮಾತು. ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಈ ವರ್ಷವೇ ಕೆಲಸ ಸಿಗುತ್ತದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ. ಸಿಗಲಿಲ್ಲ. ದೇವರು ಮಾತು ತಪ್ಪಿದನಾ ಅಂತ ಅತ್ತಿದ್ದೇನೆ.

ಮುಂದೆ ಯೆರೆಮೀಯನನ್ನು ಸಾಲಾಗಿ ಓದುವಾಗ 28ನೇ ಅಧ್ಯಾಯ ಮೊದಲು ಬಂತು. ಅಲ್ಲಿ ಹನನ್ಯ ಅನ್ನುವ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಸಾರುತ್ತಾನೆ. ಅವನದ್ದು ಸುಳ್ಳು ಅಂತ ಯೆರೆಮೀಯ ಹೇಳುತ್ತಾನೆ. ಆಮೇಲೆ 29. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿ ಹೋದ ಊರಿನ ಒಳ್ಳೆಯದಕ್ಕಾಗಿ ಪ್ರಾರ್ಥಿಸಿ ಅಂತ ಅದರಲ್ಲಿದೆ. ಹತ್ತನೇ ವಚನದಲ್ಲಿ 70 ವರ್ಷ ಅಂತ ಬರುತ್ತದೆ. ಅದಾದ ಮೇಲೆ ಹನ್ನೊಂದು. ನನ್ನ ಫ್ರಿಜ್ ಮೇಲಿದ್ದ ವಚನ.

ವಾಗ್ದಾನ ಸುಳ್ಳಾಗಿರಲಿಲ್ಲ. ನಾನು ಅದನ್ನು ಹನನ್ಯನ ಬಾಯಿಂದ ಕೇಳಿಸಿಕೊಂಡಿದ್ದೆ. ಇಡೀ ಅಧ್ಯಾಯ ಓದಿದ ಮೇಲೆ ಆ ವಚನ ಚಿಕ್ಕದಾಗಲಿಲ್ಲ, ದೊಡ್ಡದಾಯಿತು. ಕಾಯುವ ಕಾಲದಲ್ಲೂ ತೋಟ ಮಾಡು ಅನ್ನುವ ದೇವರು ಆತ.

ಚೀಟಿ ಬೇಡ ಅನ್ನುವುದಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿರುವವರಿಗೆ, ಕಣ್ಣು ಮಂಜಾದ ಅಜ್ಜಿಯರಿಗೆ ಒಂದು ವಚನವೇ ದಿನದ ರೊಟ್ಟಿ. ಆದರೆ ಆರೋಗ್ಯವಾಗಿರುವವರು ಅದೊಂದರಲ್ಲೇ ದಿನ ಕಳೆಯಬಾರದು. ವಾಗ್ದಾನದ ತಟ್ಟೆಯಲ್ಲಿ, ಸಹೋದರನ ಮಾತು ಬರುವ ಆ ಮತ್ತಾಯ 5:23 ಯಾವತ್ತೂ ಇರುವುದಿಲ್ಲ, ನೋಡಿ. ಚೀಟಿ ಬಂದ ದಿನ ಆ ಇಡೀ ಅಧ್ಯಾಯವನ್ನು, ಹಿಂದಿನದ್ದನ್ನೂ ತೆಗೆದು ಓದಿ. ಅಷ್ಟು ಮಾಡಿದರೆ ಚೀಟಿಯೂ ಒಂದು ಬಾಗಿಲಾಗುತ್ತದೆ.

ಸಭೆಯ ಜೊತೆ

ನಮ್ಮ ಪಕ್ಕದ ಮನೆಯವರು ಕಥೋಲಿಕರು. ಅವರ ಆಂಟಿ ದಿನವೂ ಪೂಜೆಯ ವಾಚನಗಳನ್ನು ಮನೆಯಲ್ಲೇ ಓದುತ್ತಾರೆ. ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಇನ್ನೊಂದು ವರ್ಷ ಲೂಕ. ವಾರದ ದಿನಗಳ ಮೊದಲ ವಾಚನ ಎರಡು ವರ್ಷದ ಸುತ್ತು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲೂ ಭಾನುವಾರಗಳಿಗೆ ಗೊತ್ತುಮಾಡಿದ ಪಾಠಗಳಿವೆ. ಇದರ ಚೆಂದ ಏನೆಂದರೆ ನೀವು ಓದುತ್ತಿರುವುದನ್ನೇ ಆ ದಿನ ಸಾವಿರಾರು ಮಂದಿ ಓದುತ್ತಿರುತ್ತಾರೆ. ಆರಿಸಿದವರು ನೀವಲ್ಲ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂದರೆ ಓದೂ ತಪಸ್ಸುಕಾಲದ್ದೇ ಆಗುತ್ತದೆ. ಒಂಟಿಯಾಗಿ ಓದಿ ಸೋತವರಿಗೆ ಇದನ್ನು ಧಾರಾಳವಾಗಿ ಹೇಳುತ್ತೇನೆ. ಇಡೀ ಬೈಬಲ್ ಮಾತ್ರ ಇದರಲ್ಲಿ ಬರುವುದಿಲ್ಲ, ಆರಿಸಿದ ಭಾಗಗಳಷ್ಟೇ.

ಯಾವ ಅನುವಾದ?

ಇದು ಸಣ್ಣ ಪ್ರಶ್ನೆ ಅಲ್ಲ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರಲ್ಲಿ ಪೂರ್ತಿ ಕನ್ನಡ ಬೈಬಲ್ ಬಂದಾಗಿನಿಂದ ನಮ್ಮ ಭಾಷೆಯಲ್ಲಿ ಎಷ್ಟೋ ಸಲ ತಿದ್ದಿ ಬರೆದಿದ್ದಾರೆ. ಈಗ ಅಂಗಡಿಯಲ್ಲಿ ಮೂರುನಾಲ್ಕು ಬಗೆ ಸಿಗುತ್ತವೆ.

ಅವ್ವನದ್ದು ಹಳೆಯ "ಸತ್ಯವೇದವು". ಕಪ್ಪು ರೆಕ್ಸಿನ್ ಹೊದಿಕೆ, ಬೆನ್ನು ಬಿಟ್ಟುಹೋಗಿ ಬಟ್ಟೆ ಅಂಟಿಸಿದೆ. ಅದರಲ್ಲಿ 23ನೇ ಕೀರ್ತನೆ "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಅಂತ ಇದೆ. ಕೊರತೆಪಡೆನು! ಒಂದೇ ಪದದಲ್ಲಿ ಮುಗಿಯಿತು. ಬಾಯಿಪಾಠಕ್ಕೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಸಂಡೇ ಸ್ಕೂಲ್‌ನಲ್ಲಿ ಕಲಿತದ್ದು ಇವತ್ತಿಗೂ ನಾಲಿಗೆಯ ಮೇಲಿದೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ ಉದ್ದ ವಾಕ್ಯಗಳನ್ನು ಹೊಸಬರು ಇದರಲ್ಲಿ ಓದಿದರೆ ದಾರಿ ತಪ್ಪುತ್ತಾರೆ.

ಇನ್ನೊಂದು ವ್ಯತ್ಯಾಸ ಕನ್ನಡದವರಿಗೆ ಮಾತ್ರ ಗೊತ್ತಾಗುವಂಥದ್ದು. ಹಳೆಯದರಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ "ಉಂಟುಮಾಡಿದನು". ಸಮಕಾಲಿಕ ಅನುವಾದದಲ್ಲಿ "ಸೃಷ್ಟಿಸಿದರು". ಏಕವಚನವಾ, ಬಹುವಚನವಾ? ನಮ್ಮ ಕೂಟದ ಹಿರಿಯರೊಬ್ಬರಿಗೆ ಬಹುವಚನ ಓದಿದರೆ ದೇವರು ದೂರ ಹೋದ ಹಾಗೆ ಅನ್ನಿಸುತ್ತದಂತೆ. ನನ್ನ ಮಗನಿಗೆ ಏಕವಚನವೇ ವಿಚಿತ್ರ. ದೊಡ್ಡವರನ್ನು ಹಾಗೆ ಕರೆಯಬಾರದು ಅಂತ ನೀನೇ ಹೇಳ್ತೀಯಲ್ಲಮ್ಮ ಅಂತಾನೆ. ಇಬ್ಬರೂ ಸರಿ. ನಾನು ಪ್ರಾರ್ಥನೆಯಲ್ಲಿ ಅವ್ವನ ಹಾಗೆ "ನೀನು" ಅಂತಲೇ ಕರೆಯುವುದು. ಹಾಗೆ ಕರೆಯದಿದ್ದರೆ ನನಗೆ ಅಳು ಬರುವುದಿಲ್ಲ.

ಕಥೋಲಿಕರು ಹೆಚ್ಚಾಗಿ ಓದುವ "ಪವಿತ್ರ ಬೈಬಲ್" ಆಡುಮಾತಿಗೆ ಹತ್ತಿರ. ಯೆಹೋವ ಅನ್ನುವ ಕಡೆ ಅದರಲ್ಲಿ ಸರ್ವೇಶ್ವರ ಅಂತ ಇದೆ. ಅವರ ಪುಸ್ತಕಗಳ ಸಂಖ್ಯೆ 73. ನಾನು ಹೇಳುವುದಿಷ್ಟು: ದಿನದ ಓದಿಗೆ ನಿಮಗೆ ಅರ್ಥವಾಗುವ ಸರಳ ಅನುವಾದ ಇಟ್ಟುಕೊಳ್ಳಿ. ಬಾಯಿಪಾಠಕ್ಕೆ, ಗಟ್ಟಿಯಾಗಿ ಓದಲು ಹಳೆಯದು. ಒಂದು ವಚನ ತಡೆದು ನಿಲ್ಲಿಸಿದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಪುಸ್ತಕವೋ ಮೊಬೈಲೋ ಅನ್ನುವುದಕ್ಕೆ ಜಾಸ್ತಿ ಹೇಳಲಿಕ್ಕಿಲ್ಲ. ಯೂವರ್ಷನ್‌ನಂಥ ಆಪ್‌ಗಳಲ್ಲಿ ಹಲವು ಕನ್ನಡ ಅನುವಾದಗಳು ಪುಕ್ಕಟೆ ಸಿಗುತ್ತವೆ. ಕೇಳುವ ಬೈಬಲ್ ಕೂಡ ಇದೆ. ಬಸ್ಸಿನಲ್ಲಿ ನಿಂತು ಹೋಗುವವರಿಗೆ, ಓದು ಬಾರದ ಹಿರಿಯರಿಗೆ ಅದು ದೊಡ್ಡ ವರ. ಪೌಲನ ಪತ್ರಗಳನ್ನು ಮೊದಲು ಸಭೆಗಳಲ್ಲಿ ಓದಿ ಕೇಳಿಸಿದ್ದೇ ಅಲ್ವಾ. ನನ್ನ ಕಷ್ಟ ಒಂದೇ, ಮೊಬೈಲ್ ತೆಗೆದರೆ ಮೊದಲು ಆಫೀಸಿನ ಮೆಸೇಜ್ ಕಣ್ಣಿಗೆ ಬೀಳುತ್ತದೆ. ಆಮೇಲೆ ಮನಸ್ಸು ವಾಪಸ್ ಬರುವುದಿಲ್ಲ. ಅದಕ್ಕೆ ಬೆಳಿಗ್ಗೆ ಪುಸ್ತಕ, ಬಸ್ಸಿನಲ್ಲಿ ಕಿವಿ.

ಹಾಗಾದರೆ ಯಾರಿಗೆ ಯಾವುದು

ಹೊಸದಾಗಿ ಶುರು ಮಾಡುವವರು ಮಾರ್ಕನಿಂದ, ದಿನಕ್ಕೊಂದು ಅಧ್ಯಾಯ, ಸರಳ ಅನುವಾದದಲ್ಲಿ. ಒಬ್ಬರನ್ನು ಜೊತೆ ಹಿಡಿದುಕೊಳ್ಳಿ. ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಅಧಿಕಾರಿಯನ್ನು, ಸುವಾರ್ತೆ ಸಾರುತ್ತಿದ್ದ ಫಿಲಿಪ್ಪನು, ಓದುವುದು ಅರ್ಥವಾಗುತ್ತದಾ ಅಂತ ಕೇಳಿದ. ಯಾರಾದರೂ ದಾರಿ ತೋರಿಸದೆ ಹೇಗೆ ಆದೀತು ಅಂತ ಆತ ಅಂದ. ಅಷ್ಟು ದೊಡ್ಡ ಅಧಿಕಾರಿಗೆ ಹಾಗೆ ಕೇಳಲು ನಾಚಿಕೆಯಾಗಲಿಲ್ಲ.

ಚಿಕ್ಕಂದಿನಿಂದ ಚರ್ಚಿನಲ್ಲೇ ಬೆಳೆದು, ಎಲ್ಲ ಗೊತ್ತಿದೆ ಅನ್ನಿಸುವವರಿಗೆ ಮೊದಲ ಪುಟದಿಂದ ಓದುವ ದಾರಿ ಅಥವಾ ನಾಲ್ಕು ಕಡೆಯ ಓದು. ನಮಗೆ ಎಷ್ಟು ಗೊತ್ತಿಲ್ಲ ಅಂತ ತಿಳಿಯುವುದು ಅಲ್ಲೇ.

ದುಃಖದಲ್ಲಿರುವವರಿಗೆ ಯಾವ ಪಟ್ಟಿಯೂ ಬೇಡ. ಕೀರ್ತನೆಗಳು ಸಾಕು. ದಿನಕ್ಕೆ ಐದರಂತೆ 150 ಕೀರ್ತನೆಗಳು ಒಂದು ತಿಂಗಳಿಗೆ ಆಗುತ್ತವೆ, ಒಂದೇ ಓದಿದರೂ ಆದೀತು. 88ನೆಯದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಕೊನೆಯಲ್ಲೂ ಒಂದು ಸಮಾಧಾನದ ಸಾಲಿಲ್ಲ. ಅಪ್ಪ ಹೋದಾಗ ನನಗೆ ಓದಲು ಆದದ್ದು ಅದೊಂದೇ. ಇಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾನೆ. ಅವ್ವ ಆಗ ಏನು ಓದಿದಳು ಅಂತ ಕೇಳಿರಲಿಲ್ಲ. ಹೋದ ವರ್ಷ ಊರಿಗೆ ಹೋದಾಗ ಅವಳ ಸತ್ಯವೇದ ತೆರೆದು ನೋಡಿದೆ. ಪ್ರಲಾಪಗಳು ಮೂರನೇ ಅಧ್ಯಾಯದಲ್ಲಿ, ದೇವರ ಕರುಣೆ ದಿನದಿನವೂ ಹೊಸದು ಅನ್ನುವ ವಚನದ ಪಕ್ಕ ಪೆನ್ಸಿಲ್‌ನಲ್ಲಿ ಒಂದು ತಾರೀಕು ಬರೆದಿದ್ದಳು. ಅಪ್ಪನನ್ನು ಮಣ್ಣು ಮಾಡಿದ ಮರುದಿನ.

ದಿನ ತಪ್ಪಿದರೆ ಬಾಕಿ ತೀರಿಸಲು ಹೋಗಬೇಡಿ. ಮೂರು ದಿನ ಬಿಟ್ಟು ನಾಲ್ಕನೇ ದಿನ ಹನ್ನೆರಡು ಅಧ್ಯಾಯ ಓದಲು ಕೂತರೆ ಐದನೇ ದಿನ ಪುಸ್ತಕ ತೆಗೆಯುವುದಿಲ್ಲ. ಇವತ್ತಿನ ತಾರೀಕಿಗೆ ಏನಿದೆಯೋ ಅದನ್ನು ಓದಿ. ತಪ್ಪಿದ್ದು ಮುಂದಿನ ಸುತ್ತಿನಲ್ಲಿ ಸಿಗುತ್ತದೆ.

ಮಕ್ಕಳಿರುವ ಮನೆಯಲ್ಲಿ ರಾತ್ರಿ ಊಟದ ಮುಂಚೆ ಹತ್ತು ನಿಮಿಷ, ಅರ್ಧ ಅಧ್ಯಾಯ, ಮಕ್ಕಳೇ ಓದಲಿ. ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸು ಅನ್ನುವ ಧರ್ಮೋಪದೇಶಕಾಂಡದ ಮಾತಿನ ಬೆನ್ನಲ್ಲೇ, ಮನೆಯಲ್ಲಿ ಕೂತಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಇವನ್ನು ಹೇಳಿಕೊಡು ಅಂತ ಇದೆ. ನಾವು ಈಗ ಮಾರ್ಕನಲ್ಲಿದ್ದೇವೆ. ನಿನ್ನೆ ನಾಲ್ಕನೇ ಅಧ್ಯಾಯದ ಕೊನೆಯ ಭಾಗ, ಬಿರುಗಾಳಿಯ ಕಥೆ. ದೋಣಿಯ ಹಿಂದೆ ಯೇಸು ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದರು ಅಂತ ಓದಿ ಮಗ ನಿಲ್ಲಿಸಿಬಿಟ್ಟ. ದೋಣಿಯಲ್ಲಿ ದಿಂಬು ಯಾರು ತಂದರಮ್ಮ ಅಂತ ಕೇಳಿದ. ನನಗೆ ಗೊತ್ತಿಲ್ಲ ಮಗಾ ಅಂದೆ. ಇನ್ನೊಂದು ಸಲ ಮೊದಲಿಂದ ಓದ್ತೀನಿ ಅಂತ ಪುಟ ಹಿಂದಕ್ಕೆ ತಿರುಗಿಸಿದ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಎದ್ದು ಉರಿ ಸಣ್ಣ ಮಾಡಿ ಬಂದು ಕೂತೆ.